ಹಳೆಯ ಡೆಸ್ಕ್‌ಟಾಪ್‌ಗೆ ರ್‍ಯಾಮ್: ಪಾಂಡವಪುರದ ಅಣ್ಣನವರ ಪ್ರಶ್ನೆಗೆ ಉತ್ತರ

ಅಣ್ಣ, ನಮಸ್ಕಾರ. ನೀವು ಗುಂಪಿನಲ್ಲಿ ಹಾಕಿದ ಎರಡು ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. 2012ರಲ್ಲಿ ಕೊಂಡ ಡೆಸ್ಕ್‌ಟಾಪ್, ಎರಡನೇ ತಲೆಮಾರಿನ ಐ3 ಪ್ರೊಸೆಸರ್, ಎಚ್61 ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಫಲಕ), 2 ಜಿಬಿ ರ್‍ಯಾಮ್ (ತೆರೆದಿರುವ ಕೆಲಸಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳುವ ಮೆಮೊರಿ), ವಿಂಡೋಸ್ 7. ಆಲೆಮನೆಯ ಲೆಕ್ಕ ತೆರೆದಿರುವಾಗ ಮಗಳು ಪಾಠಕ್ಕೆಂದು ಬ್ರೌಸರ್ ತೆರೆದರೆ ಐದು ನಿಮಿಷ ಅಲ್ಲಾಡುವುದಿಲ್ಲ ಎಂದಿದ್ದೀರಿ. 8 ಜಿಬಿಯ ಒಂದು ರ್‍ಯಾಮ್ ಸ್ಟಿಕ್ ಹಾಕಿದರೆ ಸರಿಹೋಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಅಂಗಡಿಯವರು ಗುಜರಿಗೆ ಹಾಕಿ ಎಂದರಂತೆ. ದಯವಿಟ್ಟು ಹಾಕಬೇಡಿ. ಇದೇ ಎಚ್61 ಬೋರ್ಡಿನ ಯಂತ್ರ ಮೈಸೂರಿನ ನಮ್ಮ ಮನೆಯಲ್ಲಿ ಇಂದಿಗೂ ದಿನವಿಡೀ ಕೆಲಸ ಮಾಡುತ್ತಿದೆ.

ಆದರೆ ನಾಳೆಯೇ 8 ಜಿಬಿ ತಂದು ಸಿಕ್ಕಿಸಿದರೆ ಅರ್ಧಕ್ಕಿಂತ ಹೆಚ್ಚು ಹಣ ದಂಡ. ಕಾರಣ ನಿಮ್ಮ ಎರಡನೆಯ ಫೋಟೋದಲ್ಲೇ ಇದೆ: ಅಲ್ಲಿ ವಿಂಡೋಸ್ 32-ಬಿಟ್ ಎಂದು ಬರೆದಿದೆ, ಅಂದರೆ ಅದು ಹೆಚ್ಚು ರ್‍ಯಾಮ್ ಬಳಸಲಾರದ ಹಳೆಯ ಬಗೆ. 32-ಬಿಟ್ ವಿಂಡೋಸ್ 7ಕ್ಕೆ 4 ಜಿಬಿಯೇ ಗಡಿ. ಅದರಲ್ಲೂ ಒಂದು ಭಾಗ ಗ್ರಾಫಿಕ್ಸ್ ಮತ್ತಿತರ ಸಾಧನಗಳಿಗೆ ಮೀಸಲಾಗಿ, ಕೈಗೆ ಸಿಗುವುದು 3ರಿಂದ 3.5 ಜಿಬಿ ಮಾತ್ರ. ನೀವು 8 ಹಾಕಿದರೂ 16 ಹಾಕಿದರೂ ಉಳಿದದ್ದು ಸುಮ್ಮನೆ ಕುಳಿತಿರುತ್ತದೆ. ನಿಮ್ಮ ಪ್ರೊಸೆಸರ್ 64-ಬಿಟ್ ವ್ಯವಸ್ಥೆಯನ್ನು ಚೆನ್ನಾಗಿಯೇ ನಡೆಸುತ್ತದೆ, ಆದರೆ 32ರಿಂದ 64ಕ್ಕೆ ಇದ್ದಲ್ಲೇ ಬದಲಾಯಿಸಲು ಬರುವುದಿಲ್ಲ. ಕಡತಗಳನ್ನೆಲ್ಲ ಪೆನ್‌ಡ್ರೈವ್‌ಗೆ ತೆಗೆದಿಟ್ಟು ಹೊಸದಾಗಿಯೇ ಹಾಕಬೇಕು. ಈ ಮಾತನ್ನು ಅಂಗಡಿಯವರು ನಿಮಗೆ ಹೇಳಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಬೇಸರವಾಯಿತು.

ಹೇಗೂ ಹೊಸದಾಗಿ ಹಾಕುವುದೇ ಆದರೆ ಮತ್ತೆ ವಿಂಡೋಸ್ 7 ಬೇಡ. ಅದಕ್ಕೆ ಭದ್ರತಾ ಪರಿಷ್ಕರಣೆಗಳು 2020ರ ಜನವರಿಯಲ್ಲೇ ನಿಂತವು, 2023ರಿಂದ ಕ್ರೋಮ್ ಬ್ರೌಸರ್‌ನ ಹೊಸ ಆವೃತ್ತಿಗಳೂ ಅದಕ್ಕೆ ಬರುತ್ತಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಿಮ್ಮ ಪ್ರೊಸೆಸರ್ ಅನ್ನು ಒಪ್ಪುವುದಿಲ್ಲ. ಲೆಕ್ಕದ ಹಾಳೆ, ಬ್ರೌಸರ್, ಕನ್ನಡ ಟೈಪಿಂಗ್ ಇಷ್ಟೇ ಕೆಲಸವಾದರೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆ ಸಾಕು, ಅದು ಉಚಿತ. ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಕೀಲಿ ವಿನ್ಯಾಸ ಅಲ್ಲಿಯೂ ಸಿಗುತ್ತದೆ. ಒಂದೇ ಎಚ್ಚರಿಕೆ: ನಿಮ್ಮ ಹಳೆಯ ನುಡಿ ಕಡತಗಳು ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್‌ಗಳೂ ಓದಬಲ್ಲ ಅಕ್ಷರ ಸಂಕೇತ) ಇಲ್ಲದಿದ್ದರೆ, ಆ ಫಾಂಟ್ ಇಲ್ಲದ ಕಡೆ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಈಗಿರುವ ವಿಂಡೋಸ್‌ನಲ್ಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ.

ಇನ್ನು ರ್‍ಯಾಮ್. ಯಂತ್ರ ನಿಂತುಹೋದಾಗ ಕ್ಯಾಬಿನೆಟ್‌ನ ಕೆಂಪು ದೀಪ ಬಿಡದೆ ಮಿನುಗುತ್ತದೆ ಎಂದಿರಿ. ಅದು ಹಾರ್ಡ್‌ಡಿಸ್ಕ್‌ನ ದೀಪ. ರ್‍ಯಾಮ್‌ನಲ್ಲಿ ಜಾಗ ಸಾಲದೆ, ಬೇಕಾದದ್ದನ್ನು ಮತ್ತೆ ಮತ್ತೆ ಡಿಸ್ಕ್‌ಗೆ ಹಾಕಿ ತೆಗೆಯುತ್ತಿದೆ ಎಂದು ಅರ್ಥ. ನಡುಮನೆಯಲ್ಲಿ ಇಡಲು ಜಾಗವಿಲ್ಲದೆ ಪ್ರತಿ ಪಾತ್ರೆಗೂ ಅಟ್ಟ ಹತ್ತಿ ಇಳಿದಂತೆ. ಹಾಗಾಗಿ ರ್‍ಯಾಮ್ ಹೆಚ್ಚಿಸುವ ನಿಮ್ಮ ಯೋಚನೆ ಸರಿಯಾಗಿಯೇ ಇದೆ.

ಎಚ್61ರಲ್ಲಿ ಸಾಮಾನ್ಯವಾಗಿ ರ್‍ಯಾಮ್ ಸ್ಟಿಕ್ ಸಿಕ್ಕಿಸುವ ಎರಡು ಸ್ಲಾಟ್‌ಗಳಿರುತ್ತವೆ, ಡಿಡಿಆರ್3 (ರ್‍ಯಾಮ್‌ನ ಒಂದು ತಲೆಮಾರು) ಮಾತ್ರ ಕೂರುತ್ತದೆ. ಡಿಡಿಆರ್2ಕ್ಕೂ ಡಿಡಿಆರ್3ಕ್ಕೂ 240 ಪಿನ್‌ಗಳೇ ಇದ್ದರೂ ಕೆಳಗಿನ ಕಚ್ಚಿನ ಸ್ಥಾನ ಬೇರೆ. ಡಿಡಿಆರ್4ಕ್ಕೆ 288 ಪಿನ್. ಯಾವುದನ್ನೂ ಒತ್ತಿ ಕೂರಿಸಲು ಹೋಗಬೇಡಿ. ನೀವು ಕೇಳಿದ ಒಂದೇ 8 ಜಿಬಿ ಸ್ಟಿಕ್‌ಗಿಂತ 4 ಜಿಬಿಯ ಎರಡು ಸ್ಟಿಕ್‌ಗಳನ್ನು ನಾನು ಹೇಳುತ್ತೇನೆ. ಎರಡು ಇದ್ದರೆ ರ್‍ಯಾಮ್‌ಗೂ ಪ್ರೊಸೆಸರ್‌ಗೂ ನಡುವಿನ ಎರಡೂ ಚಾನೆಲ್‌ಗಳು (ದಾರಿಗಳು) ಒಟ್ಟಿಗೆ ಕೆಲಸ ಮಾಡುತ್ತವೆ. ನಿಮ್ಮಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಚಿತ್ರ ಮೂಡಿಸುವ ಕೆಲಸಕ್ಕೂ ಇದೇ ರ್‍ಯಾಮ್ ಬಳಕೆಯಾಗುವುದರಿಂದ ಅದರ ಲಾಭ ಹೆಚ್ಚು. ವೇಗ 1333 ಸಾಕು. 1600ರದ್ದು ಸಿಕ್ಕರೂ ನಿಮ್ಮ ಪ್ರೊಸೆಸರ್‌ನೊಂದಿಗೆ 1333ರಲ್ಲೇ ಓಡುತ್ತದೆ.

ಕೊಳ್ಳುವಾಗ ಬಹಳ ಎಚ್ಚರ ಬೇಕು. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಸ್ಟಿಕ್‌ಗಳು ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಬೋರ್ಡ್‌ಗಳಲ್ಲಿ ಮಾತ್ರ ಕೆಲಸ ಮಾಡುತ್ತವೆ, ನಿಮ್ಮದು ಇಂಟೆಲ್. ವಿವರಣೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ. ನಾನು ಅದನ್ನು ಓದದೆ ಒಂದನ್ನು ತರಿಸಿ, ಪರದೆಯ ಮೇಲೆ ಏನೂ ಮೂಡದೆ, ಬೋರ್ಡೇ ಸುಟ್ಟಿತೆಂದು ಎರಡು ದಿನ ನಿದ್ದೆಗೆಟ್ಟಿದ್ದೆ. ಸರ್ವರ್‌ಗಳಿಂದ ಬಿಚ್ಚಿದ ರಿಜಿಸ್ಟರ್ಡ್ ರ್‍ಯಾಮ್ ಕೂಡ ನಿಮ್ಮದರಲ್ಲಿ ನಡೆಯುವುದಿಲ್ಲ. ಮೈಸೂರಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ಹಳೆಯ ಸ್ಟಿಕ್ ಅನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಳಸಿದ ಸ್ಟಿಕ್ ಆದರೂ ತೊಂದರೆಯಿಲ್ಲ, ಆದರೆ ಹೊಂದದಿದ್ದರೆ ಬದಲಾಯಿಸಿಕೊಡುತ್ತೇವೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಜೋಡಿಸುವ ಮೊದಲು ವೈರನ್ನು ಗೋಡೆಯಿಂದ ಕಿತ್ತು, ಯಂತ್ರವನ್ನು ಮನೆಯ ಹೊರಗೆ ತೆಗೆದುಕೊಂಡು ಹೋಗಿ ಧೂಳು ತೆಗೆಯಿರಿ. ಆಲೆಮನೆಯ ಪಕ್ಕದ ಕೋಣೆ ಎಂದಿದ್ದೀರಿ. ಒಲೆಗೆ ಹಾಕುವ ಸಿಪ್ಪೆಯ ನವಿರಾದ ಬೂದಿ ಸ್ಲಾಟ್‌ಗಳೊಳಗೂ ಸೇರಿಕೊಂಡಿರುತ್ತದೆ. ಒಣ ಪೇಂಟ್ ಬ್ರಷ್ ಸಾಕು, ಒದ್ದೆ ಬಟ್ಟೆ ಬೇಡವೇ ಬೇಡ. ಬ್ಲೋವರ್ ಇದ್ದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಗಾಳಿ ಬಿಡಿ. ನಂತರ ವೈರ್ ಹಾಕದೆಯೇ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಇಳಿಯುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೈಮೇಲಿನ ಸ್ಥಾಯೀ ವಿದ್ಯುತ್ ಕಳೆದುಕೊಂಡ ಮೇಲೆಯೇ ಸ್ಟಿಕ್ ಹಿಡಿಯಿರಿ, ಅದೂ ಅಂಚಿನಲ್ಲಿ. ಸ್ಲಾಟಿನ ಕೊಂಡಿಗಳನ್ನು ಹೊರಕ್ಕೆ ಬಾಗಿಸಿ, ಕಚ್ಚು ಹೊಂದಿದೆಯೇ ನೋಡಿ, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಸಮನಾಗಿ ಒತ್ತಿ. ಕೊಂಡಿ ಟಕ್ಕೆಂದು ತಾನಾಗಿ ಮುಚ್ಚಿಕೊಳ್ಳಬೇಕು. ಮೊದಲ ಸಲ ಮಾಡುವವರು ಬೋರ್ಡ್ ಮುರಿದೀತೆಂದು ಹೆದರಿ ಅರ್ಧಕ್ಕೇ ಬಿಡುತ್ತಾರೆ. ಕಚ್ಚು ಸರಿಯಾಗಿ ಹೊಂದಿದ್ದರೆ ಸ್ವಲ್ಪ ಬಲವಾಗಿಯೇ ಒತ್ತಬಹುದು.

ಚಾಲೂ ಮಾಡಿದಾಗ ಪರದೆ ಕಪ್ಪಾಗಿಯೇ ಉಳಿದರೆ ಗಾಬರಿಯಾಗಬೇಡಿ. ಮತ್ತೆ ವೈರ್ ಕಿತ್ತು, ಸ್ಟಿಕ್‌ನ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ ಒರೆಸಿ, ಒಂದೊಂದೇ ಸ್ಟಿಕ್ ಹಾಕಿ ನೋಡಿ. ಯಾವುದು ಕೈಕೊಡುತ್ತಿದೆ ಎಂದು ಹಾಗೆ ತಿಳಿಯುತ್ತದೆ. ಬಯಾಸ್‌ನಲ್ಲಿ (ಚಾಲೂ ಮಾಡಿದೊಡನೆ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪರದೆ) 8192, ಅಂದರೆ 8 ಜಿಬಿ ಎಂದು ಕಂಡರೆ ಎರಡನ್ನೂ ಗುರುತಿಸಿದೆ. ಆ ರಾತ್ರಿಯೇ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಓಡಿಸಿ ಮಲಗಿ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ಅಂಗಡಿಗೆ ಹಿಂದಿರುಗಿಸಿ. ಕೆಟ್ಟ ರ್‍ಯಾಮ್ ನಿಮ್ಮ ಲೆಕ್ಕದ ಕಡತವನ್ನು ಸದ್ದಿಲ್ಲದೆ ಹಾಳುಮಾಡಬಲ್ಲದು. ಹೊಸ ವ್ಯವಸ್ಥೆಯನ್ನು ಹಾಕುವುದು ಈ ಪರೀಕ್ಷೆಯ ನಂತರವೇ ಇರಲಿ.

ಕೈಯಲ್ಲಿ ಇನ್ನೂ ಸ್ವಲ್ಪ ಹಣ ಉಳಿದರೆ 240 ಜಿಬಿಯ ಸಾಟಾ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲಿಗೆ ಹಾಕುವ, ಅದಕ್ಕಿಂತ ವೇಗದ ಸಂಗ್ರಹ) ಹಾಕಿಸಿ. ಎಚ್61ರ ಸಾಟಾ ದಾರಿ ಹಳೆಯ ವೇಗದ್ದೇ ಆದರೂ ಯಂತ್ರ ತೆರೆದುಕೊಳ್ಳುವ ಸಮಯದಲ್ಲಿ ವ್ಯತ್ಯಾಸ ಮನೆಯವರಿಗೆಲ್ಲ ಕಾಣುತ್ತದೆ.

ಕೊಳ್ಳುವ ಮೊದಲು ಕ್ಯಾಬಿನೆಟ್‌ನ ಮುಚ್ಚಳ ತೆಗೆದು, ಬೋರ್ಡಿನ ಮೇಲೆ ಅಚ್ಚಾದ ಮಾದರಿ ಸಂಖ್ಯೆ ಮತ್ತು ಹಳೆಯ ಸ್ಟಿಕ್‌ನ ಚೀಟಿ ಎರಡೂ ಕಾಣುವಂತೆ ಒಂದು ಫೋಟೋ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.