ಮನೆ ಕೊಳ್ಳುವಾಗ ರೇಡಾನ್ ಪರೀಕ್ಷೆಯನ್ನು ಬಿಡಬೇಡಿ

ಬದಿಯಡ್ಕದಿಂದ ಬಂದು ಪೆನ್ಸಿಲ್ವೇನಿಯದಲ್ಲಿ ಮೊದಲ ಮನೆ ಕೊಳ್ಳಲು ಹೊರಟಿರುವ ನೀವು, ರೇಡಾನ್ ಪರೀಕ್ಷೆಯ ಷರತ್ತನ್ನು ಕೈಬಿಟ್ಟರೆ ಮಾರುವವರು ಬೇಗ ಒಪ್ಪುತ್ತಾರೆಂದು ಏಜೆಂಟರು ಹೇಳುತ್ತಿದ್ದಾರೆ, ಊರಿನಲ್ಲಿ ಹೆಸರೇ ಕೇಳದ ಈ ಅನಿಲಕ್ಕೆ ಅಷ್ಟು ಹೆದರಬೇಕೇ ಎಂದು ಕೇಳಿದ್ದೀರಿ. ಪೆರ್ಲದ ಕಡೆಯವನಾದ ನಾನು ಇದೇ ರಾಜ್ಯದಲ್ಲಿ ಬಹುಕಾಲದಿಂದ ನೆಲೆಸಿದ್ದೇನೆ. ಬೇಕಾದರೆ ಬೆಲೆಯಲ್ಲಿ ಸ್ವಲ್ಪ ಏರಿ, ಪರೀಕ್ಷೆಯನ್ನು ಮಾತ್ರ ಬಿಡಬೇಡಿ ಎಂಬುದು ನನ್ನ ಉತ್ತರ. ಏಜೆಂಟರಿಗೆ ವ್ಯವಹಾರ ಮುಗಿದರೆ ಸಾಕು, ಆ ಮನೆಯ ಗಾಳಿ ಕುಡಿಯುವವರು ಅವರಲ್ಲ.

ನೆಲದೊಳಗಿನ ಯುರೇನಿಯಂ ಕ್ಷಯಿಸುತ್ತ ರೇಡಿಯಂ ಆಗಿ, ಅದರಿಂದ ಹುಟ್ಟುವ ವಿಕಿರಣಶೀಲ ಅನಿಲವಾದ ರೇಡಾನಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ಕಡೆಯ ಕೆಂಪುಕಲ್ಲಿನ ಹಳೆಯ ಮನೆಗಳಿಗೆ ನೆಲಮಾಳಿಗೆಯಿಲ್ಲ. ತೆರೆದ ಕಿಟಕಿಗಳಿಂದಲೂ ಹಂಚಿನ ಮಾಡಿನ ಸಂದುಗಳಿಂದಲೂ ಹಗಲಿರುಳು ಗಾಳಿಯಾಡುವಲ್ಲಿ ಅದು ಬಂದರೂ ಸುಲಭವಾಗಿ ನಿಲ್ಲುವುದಿಲ್ಲ. ಇಲ್ಲಿಯಾದರೋ ಮನೆಯ ಒಂದು ಅಂತಸ್ತೇ ಮಣ್ಣಿನೊಳಗಿರುತ್ತದೆ, ಚಳಿಗಾಲದಲ್ಲಿ ಬಾಗಿಲು ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಕಾದ ಗಾಳಿ ಮೇಲೇರಿ ಹೊರಹೋದಂತೆಲ್ಲ ಬೇಸ್‌ಮೆಂಟಿನ ಬಿರುಕುಗಳ ಮೂಲಕ ಮಣ್ಣಿನೊಳಗಿನ ಗಾಳಿಯನ್ನು ಮನೆ ಒಳಗೆಳೆದುಕೊಳ್ಳುತ್ತದೆ. ಧೂಮಪಾನ ಮಾಡದವರಿಗೆ ಬರುವ ಶ್ವಾಸಕೋಶದ ಕ್ಯಾನ್ಸರಿಗೆ ಇದೇ ಮುಖ್ಯ ಕಾರಣವೆಂದು ಹೇಳುವ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ದೇಶದಲ್ಲಿ ವರ್ಷಕ್ಕೆ ಸುಮಾರು 21,000 ಸಾವುಗಳನ್ನು ರೇಡಾನಿನ ಲೆಕ್ಕಕ್ಕೆ ಹಾಕುತ್ತದೆ.

ಈ ವಿಷಯ ದೇಶದ ಗಮನಕ್ಕೆ ಬಂದದ್ದೂ ಇದೇ ರಾಜ್ಯದಿಂದ. 1984ರಲ್ಲಿ ಲಿಮರಿಕ್ ಅಣುಸ್ಥಾವರದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಅವರ ಮೈಮೇಲಿನ ವಿಕಿರಣದಿಂದ ಅಲ್ಲಿನ ಎಚ್ಚರಿಕೆ ಗಂಟೆ ಬಾರಿಸಿತು. ಹುಡುಕಿದಾಗ ಅದರ ಮೂಲ ಸ್ಥಾವರವಾಗಿರಲಿಲ್ಲ, ಬಾಯರ್‌ಟೌನ್ ಸಮೀಪದ ಅವರ ಮನೆಯಾಗಿತ್ತು. ಗಾಳಿಯಲ್ಲಿನ ರೇಡಾನಿನ ವಿಕಿರಣವನ್ನು ಅಳೆಯುವ ಲೆಕ್ಕದಲ್ಲಿ ಲೀಟರಿಗೆ 4 ಪಿಕೋಕ್ಯೂರಿ ಮುಟ್ಟಿದರೆ ಸರಿಪಡಿಸಿ ಎಂದು ಇಂದು ಹೇಳುವಲ್ಲಿ, ಆ ಮನೆಯಲ್ಲಿ ಸುಮಾರು 2,700 ಇತ್ತು. ಪಕ್ಕದ ಮನೆಯ ವರದಿ ತೋರಿಸಿ ಸಮಾಧಾನ ಹೇಳುವವರನ್ನು ನಂಬಬೇಡಿ, ಏಕೆಂದರೆ ಒಂದೇ ಬೀದಿಯಲ್ಲಿ ಮನೆಯಿಂದ ಮನೆಗೆ ಅಂಕಿ ಬದಲಾಗುತ್ತದೆ.

ಪರೀಕ್ಷೆಗೆ ಕನಿಷ್ಠ 48 ಗಂಟೆ ಬೇಕು. ಅದಕ್ಕೆ 12 ಗಂಟೆ ಮೊದಲಿನಿಂದಲೇ ಕಿಟಕಿ ಬಾಗಿಲುಗಳನ್ನು ಮುಚ್ಚಿಡಬೇಕು, ಓಡಾಟಕ್ಕೆ ತೆರೆದು ಕೂಡಲೇ ಮುಚ್ಚಬಹುದು. ಮಾರುವವರು ಇನ್ನೂ ಅಲ್ಲಿಯೇ ವಾಸವಿದ್ದರೆ ರೇಡಾನನ್ನು ಹೀರಿಕೊಳ್ಳುವ ಇದ್ದಿಲಿನ ಡಬ್ಬಿಯ ಪರೀಕ್ಷೆಗಿಂತ ಗಂಟೆಗಂಟೆಗೂ ಅಂಕಿ ದಾಖಲಿಸುವ ಯಂತ್ರವನ್ನೇ ಇಡಿಸಿ. ರಾತ್ರಿ ಯಾರಾದರೂ ಬೇಸ್‌ಮೆಂಟಿನ ಕಿಟಕಿ ತೆರೆದಿಟ್ಟರೆ ಅಂಕಿ ಇಳಿದದ್ದು ಅದರಲ್ಲಿ ಕಾಣುತ್ತದೆ. ನಮ್ಮವರು ಬೇಸ್‌ಮೆಂಟನ್ನು ಖಾಲಿ ಬಿಡುವುದಿಲ್ಲ, ಮಕ್ಕಳ ಓದಿನಿಂದ ಚೆಂಡೆಯ ಅಭ್ಯಾಸದವರೆಗೆ ಎಲ್ಲವೂ ಅಲ್ಲಿಯೇ ನಡೆಯುತ್ತದೆ. ಆದ್ದರಿಂದ ಯಂತ್ರವೂ ಅಲ್ಲಿಯೇ ಇರಲಿ.

ಅಂಕಿ ಹೆಚ್ಚು ಬಂತೆಂದು ಇಷ್ಟಪಟ್ಟ ಮನೆಯನ್ನು ಬಿಟ್ಟು ಓಡುವ ಅಗತ್ಯವಿಲ್ಲ. ಬೇಸ್‌ಮೆಂಟಿನ ಕಾಂಕ್ರೀಟ್ ನೆಲಕ್ಕೆ ತೂತು ಕೊರೆದು, ಪಿವಿಸಿ ಕೊಳವೆ ಇಳಿಸಿ, ಫ್ಯಾನಿನಿಂದ ಅನಿಲವನ್ನು ಮಾಡಿಗಿಂತ ಮೇಲಕ್ಕೆ ಎಳೆದುಬಿಡುತ್ತಾರೆ. ಸಾಮಾನ್ಯವಾಗಿ ಇದು ಒಂದು ದಿನದ ಕೆಲಸ, ಖರ್ಚು ಬಹುತೇಕ ಸಾವಿರ ಎರಡು ಸಾವಿರ ಡಾಲರಿನ ಆಸುಪಾಸು. ಕೊಳವೆಗೆ ಅಂಟಿಸಿದ ಬಾಗಿದ ಸಣ್ಣ ನಳಿಗೆಯಲ್ಲಿ ಬಣ್ಣದ ದ್ರವವಿರುತ್ತದೆ: ಎರಡು ಬದಿಗಳಲ್ಲಿ ಅದರ ಮಟ್ಟ ಏರುಪೇರಾಗಿದ್ದರೆ ಫ್ಯಾನು ಎಳೆಯುತ್ತಿದೆ, ಸಮವಾಗಿದ್ದರೆ ನಿಂತಿದೆ. ಹಿಂದಿನವರು ಹಾಕಿಸಿದ ವ್ಯವಸ್ಥೆಯಿರುವ ಮನೆಯನ್ನು ನೋಡಹೋದಾಗ ಮೊದಲು ಅದರತ್ತ ಕಣ್ಣು ಹಾಯಿಸಿ.

ಅಳೆಯುವವರಿಗೂ ಸರಿಪಡಿಸುವವರಿಗೂ ಈ ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಯ ಪ್ರಮಾಣಪತ್ರವಿರಬೇಕು, ಕೇಳಿ ನೋಡಿ. ಮಾರುವವರು ತಾವೇ ಮಾಡಿಸಿಕೊಡುತ್ತೇವೆಂದರೆ ಅಗ್ಗದವರನ್ನು ಕರೆಸುವ ಸಾಧ್ಯತೆಯಿದೆ. ಆ ಹಣವನ್ನು ಬೆಲೆಯಲ್ಲಿ ಇಳಿಸಿಕೊಂಡು ನೀವೇ ಮಾಡಿಸುವುದು ಒಳ್ಳೆಯದೆಂದು ನನಗೆ ಅನಿಸುತ್ತದೆ. ಅದಕ್ಕೆ ಅವರು ಒಪ್ಪದಿದ್ದರೆ, ಫ್ಯಾನು ಹಾಕಿ 24 ಗಂಟೆಯಾದರೂ ಕಳೆದ ಮೇಲೆ ಮಾಡಿದ ಮರುಪರೀಕ್ಷೆಯ ವರದಿ ಕೈಸೇರುವವರೆಗೆ ಹಣ ಕೊಟ್ಟು ಮನೆ ನಿಮ್ಮ ಹೆಸರಿಗಾಗುವ ಕ್ಲೋಸಿಂಗಿನ ದಿನಕ್ಕೆ ಒಪ್ಪಬೇಡಿ.