ಟೈಲ್ಸ್ ಕೆಲಸ ಮತ್ತು ಮಂಡಿ ಪ್ಯಾಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹಲವು ವರ್ಷಗಳಿಂದ ಮಂಡ್ಯ ಮತ್ತು ಸುತ್ತಮುತ್ತ ಟೈಲ್ಸ್ ಹಾಕುವ ಕೆಲಸ ಮಾಡುತ್ತಿದ್ದೇನೆ. ಹಿಂದೆ ಕುಕ್ಕರಗಾಲಿನಲ್ಲಿ ಕುಳಿತೇ ಕೆಲಸ ಮುಗಿಯುತ್ತಿತ್ತು. ಈಗ ಎರಡಡಿ ಅಗಲ, ನಾಲ್ಕಡಿ ಉದ್ದದ ಟೈಲ್ಸ್ ಬಂದ ಮೇಲೆ ಮುಂದಕ್ಕೆ ಬಾಗಿ ಕೂರಿಸಬೇಕಾದ್ದರಿಂದ ಮಂಡಿಯೂರುವುದೇ ಹೆಚ್ಚಾಗಿದೆ. ಖಾಲಿ ಸಿಮೆಂಟ್ ಚೀಲ ಮಡಿಸಿ ಹಾಕಿಕೊಂಡರೂ ಸಂಜೆ ಮಂಡಿ ನೋಯುತ್ತದೆ. ಮೆಡಿಕಲ್ ಶಾಪ್‌ನಿಂದ ನೀ ಕ್ಯಾಪ್ ತಂದು ಹಾಕಿದೆ, ಪ್ರಯೋಜನವಾಗಲಿಲ್ಲ. ಸ್ನೇಹಿತರೊಬ್ಬರು ಬೈಕ್ ಸವಾರರ ಗಾರ್ಡ್ ಕೊಟ್ಟರು, ಅದರ ಮೇಲೆ ಮಂಡಿ ನಿಲ್ಲುವುದೇ ಇಲ್ಲ. ಅಂಗಡಿಯಲ್ಲಿ ಗಟ್ಟಿ ಚಿಪ್ಪಿನದು, ಜೆಲ್ ಇರುವುದು, ಬರೀ ಫೋಮ್‌ನದು ಎಂದು ಬೇರೆ ಬೇರೆ ತೋರಿಸುತ್ತಾರೆ. ಯಾವುದನ್ನು ಕೊಳ್ಳಬೇಕು?
— ಓದುಗರೊಬ್ಬರು, ಮಂಡ್ಯ

ಉತ್ತರ: ನೀವು ಪ್ರಯತ್ನಿಸಿದ ಎರಡೂ ವಸ್ತುಗಳು ಬೇರೆ ಉದ್ದೇಶಕ್ಕಾಗಿ ಮಾಡಿದವು. ಮೆಡಿಕಲ್ ಶಾಪ್‌ನ ನೀ ಕ್ಯಾಪ್ ಮಂಡಿಯನ್ನು ಸುತ್ತಲಿನಿಂದ ಬಿಗಿಯಾಗಿ ಹಿಡಿಯುವ ಎಲಾಸ್ಟಿಕ್ ಬಟ್ಟೆ. ಅದು ನಡೆಯುವವರಿಗೆ ಆಸರೆಯಾಗಬಹುದೇ ಹೊರತು ಗಟ್ಟಿ ನೆಲಕ್ಕೂ ಮಂಡಿಗೂ ನಡುವೆ ಮೆತ್ತೆಯಾಗುವಷ್ಟು ದಪ್ಪ ಅದಕ್ಕಿಲ್ಲ. ಬೈಕ್ ಗಾರ್ಡ್ ಬಿದ್ದಾಗ ತಗಲುವ ಒಂದು ಪೆಟ್ಟನ್ನು ತಡೆಯಲು ಮಾಡಿದ್ದು. ಅದರ ಉಬ್ಬಿದ ಚಿಪ್ಪಿನ ಮೇಲೆ ಗಂಟೆಗಟ್ಟಲೆ ಮಂಡಿಯೂರಿದರೆ ಕಾಲು ಪಕ್ಕಕ್ಕೆ ಹೊರಳುತ್ತಲೇ ಇರುತ್ತದೆ, ಆ ಹೊರಳಾಟವನ್ನು ತಡೆಯಲು ತೊಡೆಯ ಸ್ನಾಯುಗಳು ದಿನವಿಡೀ ದುಡಿಯಬೇಕಾಗುತ್ತದೆ. ನಿಮಗೆ ಬೇಕಾದದ್ದು ನೆಲಕ್ಕೆ ತಾಗುವ ಭಾಗ ಚಪ್ಪಟೆಯಾಗಿರುವ, ಮಂಡಿಯೂರಿ ಮಾಡುವ ಕೆಲಸಕ್ಕೆಂದೇ ತಯಾರಿಸಿದ ಪ್ಯಾಡ್.

ಯಾವ ಬಗೆ ಎಂದು ನಿರ್ಧರಿಸುವ ಮೊದಲು ಭಾರ ಎಲ್ಲಿ ಬೀಳುತ್ತದೆ ಎಂಬುದನ್ನು ಗಮನಿಸಬೇಕು. ಮಂಡಿಯೂರಿದಾಗ ಎಲ್ಲ ಭಾರವೂ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ ಎಂದು ನಾವು ತಿಳಿಯುತ್ತೇವೆ. ಆದರೆ ಬೆನ್ನು ನೆಟ್ಟಗಿಟ್ಟು ಮಂಡಿಯೂರಿದಾಗಲೂ, ಹಿಂದಕ್ಕೆ ಹಿಮ್ಮಡಿಯ ಮೇಲೆ ಕುಳಿತಾಗಲೂ, ಚಿಪ್ಪಿನ ಕೆಳಗಿರುವ ಸ್ನಾಯುರಜ್ಜು ಮತ್ತು ಅದು ಬಂದು ಸೇರುವ ಕಾಲಿನ ಮೂಳೆಯ ಗಂಟು (ಮಂಡಿಯಿಂದ ಸ್ವಲ್ಪ ಕೆಳಗೆ ಕೈಗೆ ಸಿಗುವ ಉಬ್ಬು) ಒತ್ತಡದ ಬಹುಪಾಲನ್ನು ಹೊರುತ್ತವೆ. ಟೈಲ್ಸ್ ಕೂರಿಸಲು ಕೈಚಾಚಿ ಮುಂದಕ್ಕೆ ಬಾಗಿದಾಗ ಒತ್ತಡ ಮೇಲಕ್ಕೆ, ಚಿಪ್ಪಿನತ್ತ ಸರಿಯುತ್ತದೆ. ಹಾಗಾಗಿ ಚಿಪ್ಪನ್ನಷ್ಟೇ ಮುಚ್ಚುವ ಸಣ್ಣ ಗುಂಡನೆಯ ಪ್ಯಾಡ್ ನಿಮಗೆ ಸಾಲದು. ಅದರ ಅಂಚು ಸರಿಯಾಗಿ ಆ ಮೂಳೆಯ ಗಂಟಿನ ಮೇಲೆ ಬಂದು ಕೂತರೆ ನೋವು ಇನ್ನಷ್ಟು ಹೆಚ್ಚುತ್ತದೆ. ಪ್ಯಾಡ್ ಮಂಡಿಚಿಪ್ಪಿನ ಮೇಲಿಂದ ಆರಂಭವಾಗಿ ಆ ಗಂಟನ್ನು ದಾಟಿ ಮೂರ್ನಾಲ್ಕು ಬೆರಳು ಕೆಳಗಿನವರೆಗೆ ಇರಬೇಕು.

ಇನ್ನು ಒಳಗಿನ ಮೆತ್ತೆಯ ವಿಷಯ. ಅಂಗಡಿಯಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಒಂದೇ: ಹೆಬ್ಬೆರಳಿನಿಂದ ಒತ್ತಿ ನೋಡುವುದು. ಈ ಪರೀಕ್ಷೆಯನ್ನು ನಂಬಿ ಕೊಂಡವರೇ ಹೆಚ್ಚು ಮೋಸಹೋಗಿರುತ್ತಾರೆ. ಹೆಬ್ಬೆರಳಿಗೆ ಹಿತವಾಗುವಷ್ಟು ಮೆತ್ತಗಿರುವ ಫೋಮ್ ಇಡೀ ಮೈಭಾರ ಬಿದ್ದ ಕೂಡಲೇ ಪೂರ್ತಿ ಚಪ್ಪಟೆಯಾಗಿ, ಮಂಡಿ ನೇರವಾಗಿ ನೆಲವನ್ನೇ ಮುಟ್ಟಿದಂತಾಗುತ್ತದೆ. ಒತ್ತಿದಾಗ ನಿಧಾನವಾಗಿ ತಗ್ಗಿ, ಬಿಟ್ಟಾಗ ಮತ್ತೆ ಮೊದಲಿನ ಆಕಾರಕ್ಕೆ ಬರುವ, ನೀರು ಹೀರದ ಗಟ್ಟಿ ಫೋಮ್ (ಇವಿಎ ಎಂದು ಬರೆದಿರುತ್ತಾರೆ) ಇದ್ದು, ಅದರ ಮೇಲೆ ಮಂಡಿಗೆ ತಾಗುವ ಕಡೆ ಜೆಲ್ ಪದರ ಇರುವುದು ಟೈಲ್ಸ್ ಕೆಲಸಕ್ಕೆ ಒಳ್ಳೆಯ ಜೋಡಿ. ಜೆಲ್ ಒತ್ತಡವನ್ನು ಅಗಲಕ್ಕೆ ಹರಡುತ್ತದೆ, ಆದರೆ ಪ್ಯಾಡಿನ ತೂಕವನ್ನು ಹೆಚ್ಚಿಸುತ್ತದೆ. ತೂಕ ಹೆಚ್ಚಿದಷ್ಟೂ ಪ್ಯಾಡ್ ಕೆಳಕ್ಕೆ ಜಾರುತ್ತದೆ. ಮೆಟ್ಟಿಲು ಹತ್ತಿ ಇಳಿದು ಮಾಲು ಸಾಗಿಸುವ ಕೆಲಸವೂ ನಿಮ್ಮದೇ ಆಗಿದ್ದರೆ ಜೆಲ್ ಇಲ್ಲದ, ದಪ್ಪ ಫೋಮ್‌ನ ಹಗುರ ಪ್ಯಾಡೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹೊರಚಿಪ್ಪು ಗಟ್ಟಿಯಾಗಿರಬೇಕೋ ಮೆತ್ತಗಿರಬೇಕೋ ಎಂಬುದು ನೀವು ಯಾವ ನೆಲದ ಮೇಲೆ ಮಂಡಿಯೂರುತ್ತೀರಿ ಎಂಬುದನ್ನು ಅವಲಂಬಿಸಿದೆ. ಹಳೆಯ ನೆಲ ಒಡೆಯುವಾಗ, ಒರಟು ಕಾಂಕ್ರೀಟ್ ಮೇಲೆ ಗಾರೆ ಹರಡುವಾಗ, ಕಟರ್‌ನಿಂದ ಸಿಡಿದ ಟೈಲ್ಸ್ ಚೂರುಗಳ ನಡುವೆ ಓಡಾಡುವಾಗ ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಬೇಕು. ಗಾಜಿನಷ್ಟು ಹರಿತವಾದ ಆ ಚೂರುಗಳು ಬರೀ ಫೋಮ್ ಅನ್ನು ತೂರಿ ಚರ್ಮಕ್ಕೇ ಇಳಿಯಬಲ್ಲವು. ಹೊಳಪಿನ ವಿಟ್ರಿಫೈಡ್ ಟೈಲ್ಸ್ ಮೇಲೆ ತೆವಳಿಕೊಂಡು ಸಂದು ತುಂಬುವಾಗ ಅದೇ ಗಟ್ಟಿ ಚಿಪ್ಪು ಜಾರುತ್ತದೆ, ಗೀರನ್ನೂ ಬೀಳಿಸುತ್ತದೆ. ಎರಡೂ ಕೆಲಸ ಮಾಡುವವರು ದಪ್ಪ ರಬ್ಬರ್ ಹೊದಿಕೆಯ ಪ್ಯಾಡನ್ನು ಆಯ್ದುಕೊಳ್ಳಬಹುದು. ಮಂಡಿ ಪ್ಯಾಡುಗಳಿಗೆಂದೇ ಇಎನ್ 14404 ಎಂಬ ಐರೋಪ್ಯ ಮಾನಕವಿದೆ. ಅದರಲ್ಲಿ ಕಾಲಿಗೆ ಪಟ್ಟಿಯಿಂದ ಕಟ್ಟುವವು 1ನೇ ಬಗೆ, ಪ್ಯಾಂಟಿನ ಮಂಡಿಜೇಬಿಗೆ ತೂರಿಸುವವು 2ನೇ ಬಗೆ, ನೆಲಕ್ಕೆ ಹಾಸುವ ಮ್ಯಾಟ್‌ನಂಥವು 3ನೇ ಬಗೆ. ಇದಲ್ಲದೆ ಚುಚ್ಚುವ ವಸ್ತುವನ್ನು ತಡೆಯುವ ಸಾಮರ್ಥ್ಯಕ್ಕೆ 0, 1, 2 ಎಂಬ ಮಟ್ಟಗಳಿವೆ: 0 ಎಂದರೆ ಸಮತಟ್ಟಾದ ನೆಲಕ್ಕೆ ಮಾತ್ರ, ಚುಚ್ಚುವುದರಿಂದ ರಕ್ಷಣೆಯಿಲ್ಲ, 1 ಎಂದರೆ ಕನಿಷ್ಠ 100 ನ್ಯೂಟನ್, ಅಂದರೆ ಸುಮಾರು ಹತ್ತು ಕಿಲೋ ಭಾರದ ಬಲವನ್ನು ತಡೆಯುತ್ತದೆ, 2 ಎಂದರೆ 250 ನ್ಯೂಟನ್, ಅದು ಒಡೆದ ಕಲ್ಲಿನ ಮೇಲೆ ಮಂಡಿಯೂರುವಂಥವರಿಗೆ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ವಿವರಣೆಯಲ್ಲಿ ಈ ಸಂಖ್ಯೆ ಇದೆಯೇ ಎಂದು ನೋಡಿ. ಟೈಲ್ಸ್ ಕೆಲಸಕ್ಕೆ 1ನೇ ಮಟ್ಟ ಸಾಕು.

ಬೆಲೆ ಕೊಟ್ಟು ತಂದ ಪ್ಯಾಡುಗಳು ಮೂಲೆ ಸೇರುವುದು ಬಹುತೇಕ ಪಟ್ಟಿಗಳ ದೋಷದಿಂದ. ಒಂದೇ ಪಟ್ಟಿ ಇರುವುದು ಸಾಮಾನ್ಯವಾಗಿ ಮಂಡಿಯ ಹಿಂಭಾಗದ ಮಡಿಕೆಯಲ್ಲೇ ಬಂದು ಕೂರುತ್ತದೆ. ಕಾಲು ಮಡಿಸಿದಾಗಲೆಲ್ಲ ಅದು ಅಲ್ಲಿಯೇ ಕತ್ತರಿಸಿದಂತೆ ಒತ್ತುತ್ತದೆ, ಬೆವರು ಸೇರಿದರೆ ಚರ್ಮ ಸುಲಿಯುತ್ತದೆ. ಒಂದು ಪಟ್ಟಿ ಮಂಡಿಯ ಮೇಲೆ ತೊಡೆಗೆ, ಇನ್ನೊಂದು ಕೆಳಗೆ ಮೀನಖಂಡಕ್ಕೆ ಬರುವಂಥ, ಎರಡು ಬೆರಳಿಗಿಂತ ಕಡಿಮೆಯಿಲ್ಲದ ಅಗಲದ ಎಲಾಸ್ಟಿಕ್ ಪಟ್ಟಿಗಳಿರುವುದನ್ನು ಆರಿಸಿ. ನಿಂತುಕೊಂಡು ಬಿಗಿದರೆ ಮಂಡಿಯೂರಿದಾಗ ಸ್ನಾಯು ಉಬ್ಬಿ ಪಟ್ಟಿ ಕಚ್ಚುತ್ತದೆ. ಆದ್ದರಿಂದ ಮಂಡಿಯೂರಿದ ಭಂಗಿಯಲ್ಲೇ ಅಳತೆ ಹೊಂದಿಸಿಕೊಳ್ಳಬೇಕು. ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಒಂದು ಸಣ್ಣ ಮೂಳೆಯ ತಲೆ ಕೈಗೆ ಸಿಗುತ್ತದೆ. ಪಾದವನ್ನು ಮೇಲಕ್ಕೆತ್ತುವ ನರ ಅದನ್ನು ಸುತ್ತಿಕೊಂಡೇ ಚರ್ಮದಡಿ ಹಾದುಹೋಗುತ್ತದೆ. ಕೆಳಪಟ್ಟಿ ಅಲ್ಲಿ ಒತ್ತಿದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಹಾಗಾದರೆ ಕೂಡಲೇ ಸಡಿಲಿಸಿ, ಪಟ್ಟಿಯನ್ನು ಕೆಳಕ್ಕೆ ಸರಿಸಿ. ಪಾದ ಎತ್ತಲು ಕಷ್ಟವಾದರೆ ವೈದ್ಯರನ್ನು ಕಾಣುವುದಕ್ಕೆ ತಡಮಾಡಬಾರದು. ವೆಲ್ಕ್ರೋ ಪಟ್ಟಿಯಲ್ಲಿ ಸಿಮೆಂಟ್ ಪುಡಿ ತುಂಬಿ ಕೆಲವೇ ವಾರಗಳಲ್ಲಿ ಹಿಡಿತ ಹೋಗುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಆಗಾಗ ಉಜ್ಜುತ್ತಿರಬೇಕು. ಚಿಟಿಕೆಯಂತೆ ಸಿಕ್ಕಿಸುವ ಕ್ಲಿಪ್ ಇರುವುದು ಹೆಚ್ಚು ಬಾಳುತ್ತದೆ.

ಕೊಳ್ಳುವಾಗ ಸಂಕೋಚಪಡದೆ ಅಂಗಡಿಯ ನೆಲದ ಮೇಲೆಯೇ ಮಂಡಿಯೂರಿ, ಕೈಯಲ್ಲಿ ಕರಣೆ ಹಿಡಿದಂತೆ ಮುಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ತೆವಳಿ, ಎದ್ದು ನಡೆದು ನೋಡಿ. ನಡೆದಾಗ ಪ್ಯಾಡ್ ಕೆಳಗಿಳಿದರೆ ಅದು ಎಷ್ಟೇ ಮೆತ್ತಗಿದ್ದರೂ ಬೇಡ. ನೀವು ಚಡ್ಡಿ ಹಾಕಿ ಬರಿಗಾಲಿನ ಮೇಲೆ ಪ್ಯಾಡ್ ಕಟ್ಟುವವರಾದರೆ ಒಂದು ಮಾತು: ಇವುಗಳಲ್ಲಿ ಬಹುಪಾಲು ಪ್ಯಾಂಟಿನ ಮೇಲೆ ಕಟ್ಟಿಕೊಳ್ಳುವುದಕ್ಕೆಂದು ತಯಾರಾದವು. ಹಳೆಯ ಹತ್ತಿಯ ಪ್ಯಾಂಟ್ ಹಾಕಿಕೊಂಡು ಅದರ ಮೇಲೆ ಕಟ್ಟಿದರೆ ಬೆವರನ್ನು ಬಟ್ಟೆ ಹೀರುತ್ತದೆ, ಪಟ್ಟಿಯೂ ಉಜ್ಜುವುದಿಲ್ಲ.

ಪ್ಯಾಡ್ ನೆಲದ ಗಡಸುತನವನ್ನು ತಡೆಯುತ್ತದೆ, ಮಡಿಸಿದ ಮಂಡಿಯೊಳಗಿನ ಒತ್ತಡವನ್ನು ತಡೆಯುವುದಿಲ್ಲ. ವರ್ಷಗಟ್ಟಲೆ ಮಂಡಿಯೂರಿ, ಕುಕ್ಕರಗಾಲಿನಲ್ಲಿ ಕುಳಿತು ದುಡಿಯುವವರಲ್ಲಿ ಮಂಡಿಸವೆತ ಹೆಚ್ಚೆಂಬುದು ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದಿದೆ. ಅರ್ಧ ಗಂಟೆಗೊಮ್ಮೆಯಾದರೂ ಎದ್ದು ಕಾಲು ನೀಡಿಕೊಳ್ಳಿ. ಗಾರೆ ಕಲಸುವುದು, ಟೈಲ್ಸ್ ಅಳತೆ ಹಾಕಿ ಕತ್ತರಿಸುವುದು ಮೊದಲಾದ ನಿಂತು ಮಾಡುವ ಕೆಲಸಗಳನ್ನು ನಡುನಡುವೆ ಇಟ್ಟುಕೊಂಡರೆ ಅದೇ ಬಿಡುವಾಗುತ್ತದೆ. ಸ್ಕರ್ಟಿಂಗ್ ಹಚ್ಚಲು ಮಂಡಿಯೂರಲೇಬೇಕೆಂದಿಲ್ಲ, ಒಂದು ಎತ್ತರದ ಮಣೆ ಸಾಕು.

ಪ್ರಶ್ನೆ: ನನ್ನ ಯಜಮಾನರು ಟೈಲ್ಸ್ ಕೆಲಸ ಮಾಡುತ್ತಾರೆ. ಬಲಮಂಡಿಯ ಮುಂದೆ ನಿಂಬೆಹಣ್ಣಿನಷ್ಟು ಊತ ಬಂದಿದೆ, ಒತ್ತಿದರೆ ನೀರು ತುಂಬಿದಂತಿದೆ, ನೋವು ಅಷ್ಟಾಗಿ ಇಲ್ಲ. ಪ್ಯಾಡ್ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಾರೆ. ಹೋಗಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಅಮ್ಮಾ, ಸದ್ಯಕ್ಕೆ ಮಂಡಿಯೂರುವ ಕೆಲಸಕ್ಕೆ ಬೇಡ. ಮಂಡಿಚಿಪ್ಪಿಗೂ ಚರ್ಮಕ್ಕೂ ನಡುವೆ ಉಜ್ಜಾಟ ತಪ್ಪಿಸುವ ತೆಳುವಾದ ದ್ರವದ ಚೀಲವೊಂದಿದೆ. ಪದೇ ಪದೇ ಒತ್ತಡ ಬಿದ್ದಾಗ ಅದು ಕೆರಳಿ ದ್ರವ ತುಂಬಿಕೊಳ್ಳುತ್ತದೆ. ನೀವು ವಿವರಿಸಿರುವುದು ಅದೇ ಇರಬಹುದು, ಆದರೆ ಕಾಗದದ ಮೇಲೆ ಖಚಿತವಾಗಿ ಹೇಳಲಾಗದು. ಸಾಮಾನ್ಯವಾಗಿ ಒತ್ತಡ ತಪ್ಪಿಸಿ, ವಿಶ್ರಾಂತಿ ಕೊಟ್ಟರೆ ಅದು ತಗ್ಗುತ್ತದೆ. ಒಳ್ಳೆಯ ಪ್ಯಾಡ್ ಇಂಥದ್ದು ಬಾರದಂತೆ ತಡೆಯಲು ನೆರವಾಗುತ್ತದೆ. ಬಂದ ಮೇಲೆ ಊತದ ಮೇಲೆಯೇ ಪ್ಯಾಡ್ ಬಿಗಿದು ಮಂಡಿಯೂರಿದರೆ ಚೀಲ ಇನ್ನಷ್ಟು ಕೆರಳುತ್ತದೆ. ಮನೆಯಲ್ಲಿ ಸೂಜಿಯಿಂದ ಚುಚ್ಚಿ ನೀರು ತೆಗೆಯುವ ಸಾಹಸವನ್ನು ಯಾರು ಹೇಳಿದರೂ ಮಾಡಬೇಡಿ, ಅದು ಕೀವಾಗುವುದಕ್ಕೆ ನೇರ ದಾರಿ. ಊತ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಅಥವಾ ಮಂಡಿಯ ಮೇಲೆ ತರಚುಗಾಯವಿದ್ದು ನೋವು ಹೆಚ್ಚಿದರೆ ಅದೇ ದಿನ ತೋರಿಸಬೇಕು. ಇಲ್ಲದಿದ್ದರೂ ಈ ವಾರದಲ್ಲೇ ಕೆ.ಆರ್. ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕರೆದುಕೊಂಡು ಹೋಗಿ. ಮಂಡ್ಯದ ಕಡೆಯವರಿಗೆ ಮಿಮ್ಸ್ ಇದೆ. ಯಜಮಾನರು ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ವೈದ್ಯಕೀಯ ನೆರವಿನ ಬಗ್ಗೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಬೋಗಾದಿ, ವಿಜಯನಗರದ ಕಡೆ ಮನೆಗಳ ಕೆಲಸ ಹಿಡಿಯುವ ಮೇಸ್ತ್ರಿ ನಾನು. ಹುಡುಗರಿಗೆ ಪ್ಯಾಡ್ ಕೊಡಿಸಿದೆ. ಸೆಕೆ ಎಂದು ಬಿಚ್ಚಿಡುತ್ತಾರೆ. ಒಬ್ಬನಿಗೆ ಪ್ಯಾಡಿನ ಕೆಳಗೇ ಚರ್ಮ ಸುಟ್ಟಂತಾಯಿತು. ಇನ್ನೊಂದು ಮನೆಯಲ್ಲಿ ಹೊಸ ಟೈಲ್ಸ್ ಗೀರಾಗಿ ಮಾಲೀಕರ ಹತ್ತಿರ ಮಾತು ಕೇಳಬೇಕಾಯಿತು. ಏನು ಮಾಡುವುದು?
— ಮೇಸ್ತ್ರಿಯೊಬ್ಬರು, ಮೈಸೂರು

ಉತ್ತರ: ಚರ್ಮ ಸುಟ್ಟದ್ದು ಪ್ಯಾಡಿನಿಂದಲ್ಲ, ಸಿಮೆಂಟಿನಿಂದ. ಹಸಿ ಸಿಮೆಂಟ್ ಮತ್ತು ಸಿಮೆಂಟ್ ಬೆರೆತ ಟೈಲ್ಸ್ ಅಂಟು ತೀವ್ರ ಕ್ಷಾರ; ಅವುಗಳ ಪಿಎಚ್ 12ಕ್ಕಿಂತ ಮೇಲಿರುತ್ತದೆ. ಸಿಮೆಂಟ್ ಹಾಲು ಪ್ಯಾಡಿನೊಳಕ್ಕೆ ಇಳಿದು ಚರ್ಮಕ್ಕೂ ಫೋಮ್‌ಗೂ ನಡುವೆ ಸಿಕ್ಕಿಕೊಂಡರೆ ಮೊದಲ ಗಂಟೆಗಳಲ್ಲಿ ನೋವೇ ತಿಳಿಯುವುದಿಲ್ಲ, ಗಾಯ ಮಾತ್ರ ಆಳಕ್ಕೆ ಇಳಿಯುತ್ತಿರುತ್ತದೆ. ಒಳಗೆ ಒದ್ದೆಯಾದದ್ದು ಗೊತ್ತಾದ ಕೂಡಲೇ ಪ್ಯಾಡ್ ಮತ್ತು ಬಟ್ಟೆ ತೆಗೆದು, ಹರಿಯುವ ಶುದ್ಧ ನೀರಿನಲ್ಲಿ ಇಪ್ಪತ್ತು ನಿಮಿಷವಾದರೂ ಕಾಲು ತೊಳೆಯಬೇಕು. ಬೊಬ್ಬೆಯಾದರೆ ಅಥವಾ ಚರ್ಮ ಕಪ್ಪಾದರೆ ಆಸ್ಪತ್ರೆಗೆ. ಬಟ್ಟೆಯ ಹೊದಿಕೆ ಇರುವ ಪ್ಯಾಡ್ ಒದ್ದೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಾರೆ ಕೆಲಸಕ್ಕೆ ರಬ್ಬರ್ ಹೊದಿಕೆಯದೇ ಸರಿ. ಸಿಮೆಂಟಿನಲ್ಲಿರುವ ಕ್ರೋಮಿಯಂ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಒಬ್ಬ ಹುಡುಗನಿಗೆ ಮಾತ್ರ ಮತ್ತೆ ಮತ್ತೆ ತುರಿಕೆ ಬರುತ್ತಿದ್ದರೆ ಅದನ್ನು ಸೋಮಾರಿತನದ ನೆಪವೆಂದು ತಳ್ಳಿಹಾಕಬೇಡಿ.

ಗೀರಿಗೆ ಬರೀ ಗಟ್ಟಿ ಚಿಪ್ಪೊಂದೇ ಕಾರಣವಾಗಿರಲಾರದು. ಮೆತ್ತನೆಯ ರಬ್ಬರಿನಲ್ಲಿ ಕಚ್ಚಿಕೊಂಡ ಮರಳಿನ ಕಾಳು, ಟೈಲ್ಸ್ ಚೂರು, ಮಟ್ಟ ಹಿಡಿಯಲು ಹಾಕಿ ಮುರಿದು ತೆಗೆದ ಕ್ಲಿಪ್ಪಿನ ತುಣುಕು ಇವೂ ಹೊಳಪಿನ ಮೇಲೆ ಗೆರೆ ಎಳೆಯುತ್ತವೆ. ಒರಟು ಕೆಲಸದ ಪ್ಯಾಡನ್ನು ಬಿಚ್ಚಿಟ್ಟು, ಸಂದು ತುಂಬುವ ದಿನಕ್ಕೆ ಬೇರೆ ಶುಚಿಯಾದ ಮೆತ್ತನೆಯ ಜೋಡಿ ಕೊಟ್ಟರೆ ಮಾಲೀಕರ ಮಾತು ಕೇಳುವ ಪ್ರಸಂಗ ಬರಲಾರದು. ಅಂಟು ಪೂರ್ತಿ ಹಿಡಿಯದ ಟೈಲ್ಸ್ ಮೇಲೆ ಯಾವ ಪ್ಯಾಡ್ ಕಟ್ಟಿಕೊಂಡೂ ಮಂಡಿಯೂರಬಾರದು ಎಂಬುದು ನಿಮಗೆ ಗೊತ್ತಿರುವುದೇ.

ಸೆಕೆಯ ದೂರು ಸುಳ್ಳಲ್ಲ. ಏಪ್ರಿಲ್‌ನಲ್ಲಿ, ಫ್ಯಾನ್ ಇಲ್ಲದ ಹೊಸ ಮನೆಯೊಳಗೆ, ದಪ್ಪ ಪ್ಯಾಡ್ ಕಟ್ಟಿ ದುಡಿಯುವುದು ಸುಲಭವೇನಲ್ಲ. ಬೆಳಗ್ಗೆ ಬಿಗಿದರೆ ಸಂಜೆಯವರೆಗೆ ಬಿಚ್ಚಬಾರದೆಂಬ ನಿಯಮ ಮಾಡಬೇಡಿ. ಊಟದ ಹೊತ್ತಿನಲ್ಲಿ ಬಿಚ್ಚಿ, ಕಾಲು ಒರೆಸಿ, ಪ್ಯಾಡ್ ಒಳಭಾಗವನ್ನು ಗಾಳಿಗೆ ಇಡಲಿ. ಬೆವರಿದ ಪ್ಯಾಡನ್ನು ಇನ್ನೊಬ್ಬರು ಹಾಕಿಕೊಂಡರೆ ಚರ್ಮರೋಗ ಹರಡಬಹುದು, ಅಳತೆಯೂ ಹೊಂದುವುದಿಲ್ಲ. ಆದ್ದರಿಂದ ಎಲ್ಲರಿಗೂ ಸಾಮಾನ್ಯವಾದ ಒಂದು ಕಟ್ಟು ತಂದು ಚೀಲದಲ್ಲಿಡುವ ಬದಲು, ಒಬ್ಬೊಬ್ಬರಿಗೂ ಅವರ ಕಾಲಿನ ಮೇಲೆ ನೋಡಿಯೇ ಕೊಡಿಸಿ. ಸ್ವತಃ ಆರಿಸಿದ ಪ್ಯಾಡನ್ನು ಹುಡುಗರು ಬಿಚ್ಚಿಡುವುದು ಕಡಿಮೆ.

ಪ್ರಶ್ನೆ: ಮನೆಯ ಬಾಲ್ಕನಿಗೆ ನಾನೇ ರಜೆಯಲ್ಲಿ ಟೈಲ್ಸ್ ಹಾಕಬೇಕೆಂದಿದ್ದೇನೆ. ಎರಡು ದಿನದ ಕೆಲಸಕ್ಕೆ ಪ್ಯಾಡ್ ಕೊಳ್ಳಲೇಬೇಕೇ?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಬೇಕಾಗಿಲ್ಲ. ಒಂದೂವರೆ ಇಂಚು ದಪ್ಪದ ಗಟ್ಟಿ ಫೋಮ್ ತುಂಡೊಂದನ್ನು ಕೆಳಗೆ ಹಾಸಿಕೊಂಡರೆ ಸಾಕು; ಬಾಲ್ಕನಿಯಷ್ಟು ಜಾಗದಲ್ಲಿ ಅದನ್ನು ಸರಿಸುತ್ತಾ ಹೋಗುವುದು ತೊಂದರೆಯಲ್ಲ. ಅಭ್ಯಾಸವಿಲ್ಲದ ಮಂಡಿಯಾದ್ದರಿಂದ ಮೊದಲ ದಿನ ಮಧ್ಯಾಹ್ನದ ಹೊತ್ತಿಗೇ ನಿಲ್ಲಿಸಿ. ಉದ್ದ ಪ್ಯಾಂಟ್ ಮಾತ್ರ ತಪ್ಪದೆ ಹಾಕಿಕೊಳ್ಳಿ, ಹಸಿ ಗಾರೆಯ ಮೇಲೆ ಆ ಫೋಮ್ ಇಡಬೇಡಿ.