ದೇವರ ಮಗನಾಗಿ ದಿನಾ ಬದುಕಲು ಯಾವ ನಿಯಮ ಪಾಲಿಸಬೇಕು?

ದೇವರ ಮಗ ಅಂತ ನಂಬಿದ್ದೇನೆ, ಆದರೆ ದಿನಾ ಹಾಗೆ ಬದುಕಲು ಎಷ್ಟು ಹೊತ್ತು ಪ್ರಾರ್ಥನೆ ಮಾಡಬೇಕು, ಏನೇನು ನಿಯಮ ಹಿಡಿಯಬೇಕು ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ಅದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೆ. ಜಪಸರ ಆಯಿತಾ, ಬೈಬಲ್ ಓದಿದೆನಾ, ಚರ್ಚಿನ ಪೂಜೆಗೆ ಹೋದೆನಾ, ಎಲ್ಲಕ್ಕೂ ಟಿಕ್.

ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮೇಲಿನ ತೋಟ, ಕೆಳಗಿನ ತೋಟ ಅಂತ ಎರಡು ತುಂಡು. ಕಾಯಿ ಕೊಳೆತು ಉದುರುವ ಕೊಳೆರೋಗ ಬರದ ಹಾಗೆ ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ವರ್ಷ ಎರಡನೇ ಔಷಧಿಗೆ ಅಂತ ಅಪ್ಪ ಕೊಟ್ಟ ದುಡ್ಡಿನಲ್ಲಿ ನಾನು ಬೈಕ್ ಸಾಲದ ಕಂತು ಕಟ್ಟಿದೆ. ಉಳಿದದ್ದರಲ್ಲಿ ಮೇಲಿನ ತೋಟಕ್ಕೆ ಮಾತ್ರ ಹೊಡೆಸಿದೆ. 'ಎರಡೂ ಕಡೆ ಆಯ್ತು ಅಪ್ಪ' ಅಂದೆ.

ಆಗಸ್ಟ್‌ನಲ್ಲಿ ಕೆಳಗಿನ ತೋಟದಲ್ಲಿ ಹಸಿರು ಕಾಯಿ ಉದುರಲು ಶುರುವಾಯಿತು. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಲೆ. ಎರಡು ದಿನ ಬಿಟ್ಟರೆ ಮೇಲೆಲ್ಲ ಬಿಳಿ ಬೂಸ್ಟು.

ದುಡ್ಡು ತೆಗೆದದ್ದು ತಪ್ಪು. ಸುಳ್ಳು ಹೇಳಿದ್ದೂ ತಪ್ಪು. ಆದರೆ ನನ್ನನ್ನು ಮುಳುಗಿಸಿದ್ದು ಆಮೇಲೆ ಮಾಡಿದ್ದು. ಬಚ್ಚಿಟ್ಟೆ. ಹದಿನೈದು ದಿನ, ಅಪ್ಪ ಏಳುವ ಮುಂಚೆ ಟಾರ್ಚ್ ಹಿಡಿದು ಹೋಗಿ ಬಿದ್ದ ಕಾಯಿ ಹೆಕ್ಕಿ ಗೋಣಿಚೀಲಕ್ಕೆ ತುಂಬಿದೆ. ಆ ಕಾಯಿಯನ್ನು ಹೂಳಬೇಕು, ಇಲ್ಲ ಸುಡಬೇಕು. ಗುಂಡಿ ತೋಡಿದರೆ ಅಪ್ಪ ಕೇಳುತ್ತಾರೆ ಅಂತ ಮೇಲಿನ ತೋಟದ ಬೇಲಿ ಪಕ್ಕ ಪೊದೆಯಲ್ಲಿ ಚೀಲ ಇಡುತ್ತಾ, ಸುರಿಯುತ್ತಾ ಹೋದೆ. ಈ ರೋಗ, ಉದುರಿದ ಕಾಯಿಯಲ್ಲೇ ಬದುಕಿರುತ್ತದೆ, ಮಳೆಹನಿ ಸಿಡಿದು ಹರಡುತ್ತದೆ. ಮೇಲಿನ ತೋಟಕ್ಕೂ ಬಂತು. ಮೊದಲನೇ ದಿನವೇ ಹೇಳಿದ್ದರೆ, ಮಳೆ ಬಿಟ್ಟು ಹೊಳವಾದ ಒಂದು ದಿನ ನೋಡಿ ಕೊಳೆತ ಗೊನೆ ಇಳಿಸಿ ಔಷಧಿ ಹೊಡೆಸಬಹುದಿತ್ತು. ಅರ್ಧ ಬೆಳೆಯಾದರೂ ಉಳಿಯುತ್ತಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದನ್ನು ಹೇಳದೆ ಹದಿನೈದು ದಿನ ಬೆನ್ನು ಬಗ್ಗಿಸಿದೆ.

ದೇವರ ಹತ್ತಿರವೂ ಅದನ್ನೇ ಮಾಡುತ್ತಿದ್ದೆ. ಪಾದ್ರಿಯ ಹತ್ತಿರ ತಪ್ಪು ಹೇಳಿಕೊಳ್ಳುವ ಪಾಪನಿವೇದನೆ ಕಡೆ ತಲೆ ಹಾಕಲಿಲ್ಲ. ಆದರೆ ದಿನಕ್ಕೆ ಒಂದು ಜಪಸರ ಇದ್ದದ್ದು ಎರಡಾಯಿತು. ನೋಟ್‌ಬುಕ್‌ನಲ್ಲಿ ಅಷ್ಟು ಟಿಕ್ ಯಾವ ತಿಂಗಳೂ ಬಿದ್ದಿರಲಿಲ್ಲ. ಕೆಲಸದಿಂದ ತೆಗೀತಾರೆ ಅಂತ ಹೆದರಿದ ಆಳು ಜಾಸ್ತಿ ದುಡಿಯುತ್ತಾನಲ್ಲ, ಹಾಗೆ.

ಕೊನೆಗೆ ಅಪ್ಪನೇ ಚೀಲ ನೋಡಿದರು. ಬೈದರು, ಚೆನ್ನಾಗಿಯೇ ಬೈದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಇಷ್ಟು ದಿನ ಒಬ್ನೇ ಹೆಕ್ಕಿದ್ಯಾ? ನನ್ನ ಕರೀಬಾರ್ದಿತ್ತಾ?' ಅಂದರು. ಲುಂಗಿ ಎತ್ತಿ ಕಟ್ಟಿ ಚೀಲದ ಇನ್ನೊಂದು ತುದಿ ಹಿಡಿದರು.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಕಥೆ ಇದೆ. ಅದರಲ್ಲಿ ಮನೆ ಬಿಟ್ಟು ಹೋದ ಮಗ, ನನ್ನನ್ನು ಕೂಲಿಯಾಳಾಗಿ ಇಟ್ಟುಕೋ ಅಂತ ಹೇಳಲು ಮಾತು ಜೋಡಿಸಿಕೊಂಡು ಬರುತ್ತಾನೆ. ಅಪ್ಪ ಆ ಮಾತು ಬಾಯಿಗೆ ಬರಲು ಬಿಡುವುದೇ ಇಲ್ಲ. ಮನೆಯಲ್ಲೇ ಇದ್ದ ದೊಡ್ಡ ಮಗ, ಇಷ್ಟು ವರ್ಷ ನಿನಗೆ ದುಡಿದೆ, ಏನು ಕೊಟ್ಟೆ ಅಂತ ಲೆಕ್ಕ ತೆಗೆಯುತ್ತಾನೆ. ನನ್ನ ನೋಟ್‌ಬುಕ್‌ನಲ್ಲಿ ಇದ್ದದ್ದು ಆ ಲೆಕ್ಕವೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಅಡಿಕೆ ಸುಲಿಯಲು ಬಂದವರು ಕೂಲಿ ಎಷ್ಟು ಅಂತ ಕೇಳುತ್ತಾರೆ, ಕೇಳಲೇಬೇಕು. ಮನೆಮಗ ಕೇಳುತ್ತಾನಾ? ರೋಮನರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಹೇಳುವುದು ಇದನ್ನೇ: ನಿಮಗೆ ಸಿಕ್ಕಿದ್ದು ಹೆದರುವ ದಾಸನ ಭಾವ ಅಲ್ಲ, 'ಅಪ್ಪಾ' ಅಂತ ಕೂಗುವ ಮಗನ ಭಾವ. ಅಲ್ಲಿ ಅವನು ಬಳಸಿದ್ದು ದತ್ತು ತಗೊಳ್ಳುವುದಕ್ಕೆ ಇರುವ ಮಾತು. ಆಗಿನ ರೋಮಿನಲ್ಲಿ ದತ್ತು ಬಂದವನಿಗೆ ಹೆಸರೂ ಪೂರ್ತಿ, ಆಸ್ತಿಯ ಹಕ್ಕೂ ಪೂರ್ತಿ. ಜೂಲಿಯಸ್ ಸೀಸರ್ ದತ್ತು ತಗೊಂಡ ಹುಡುಗನೇ ಮುಂದೆ ಆಗಸ್ಟಸ್ ಚಕ್ರವರ್ತಿ ಆದದ್ದು. ಇಂಥ ಮನೆಯೊಳಗೆ ನೀವು ಆಗಲೇ ಇದ್ದೀರಿ. ಪ್ರಾರ್ಥನೆ ಬಿಡಿ ಅಂತ ಹೇಳುತ್ತಿಲ್ಲ. ಎಣಿಸುವುದನ್ನು ಬಿಡಿ.

ತಪ್ಪಾದ ದಿನವೇ ಹೇಳಿ. ಭಯವನ್ನೂ ಹೇಳಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ 'ಅಪ್ಪಾ' ಅಂತ ಕರೆದು, ಈ ಪಾತ್ರೆಯನ್ನು, ಅಂದರೆ ಬರಲಿದ್ದ ನೋವನ್ನು, ನನ್ನಿಂದ ತೆಗೆ ಅಂತ ಬೇಡಿಕೊಂಡರು. ನಿಮ್ಮ ಅಪ್ಪ ನನ್ನಪ್ಪನ ಹಾಗೆ ಇಲ್ಲದೇ ಇರಬಹುದು. ಅವರನ್ನು ಇಟ್ಟುಕೊಂಡು ದೇವರನ್ನು ಅಳೆಯಬೇಡಿ, ದಯವಿಟ್ಟು.

ಇನ್ನೊಂದು ಮಾತು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಇರುವುದು 'ನಮ್ಮ ತಂದೆ', 'ನನ್ನ ತಂದೆ' ಅಲ್ಲ. ಅದು ತಲೆಗೆ ಹೋದ ಮೇಲೆ ಅಡಿಕೆ ಗೊನೆ ಇಳಿಸುವವರ ಕೂಲಿಯನ್ನು ನಾನು ಒಂದು ವಾರವೂ ನಾಳೆಗೆ ಅಂತ ಉಳಿಸಿಲ್ಲ. ಅವರ ಟೀ ಲೋಟವೂ ನಮ್ಮ ಲೋಟದ ಜೊತೆಗೇ ಇರುತ್ತದೆ.

ನೋಟ್‌ಬುಕ್ ಒಲೆಗೆ ಹೋಯಿತು. ಇವತ್ತು ಬೆಳಿಗ್ಗೆ ಕೆಳಗಿನ ತೋಟದಲ್ಲಿ ಎರಡು ಮರದ ಬುಡದಲ್ಲಿ ಕಾಯಿ ಬಿದ್ದಿತ್ತು. ಹೆಕ್ಕಿ ತಂದು ಜಗಲಿಯಲ್ಲಿ ಅಪ್ಪನ ಮುಂದೆ ಇಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದರು.